ಬೀಜ ಹಾಕಿ ಗುಂಡಿ ಒತ್ತುವ ಕಾಫಿ ಮಷಿನ್: ನಾನು ಆರಿಸಿದ್ದು ಹೇಗೆ, ಪಳಗಿಸಿದ್ದು ಹೇಗೆ

ಈ ಮಷಿನ್‌ಗಳ ಜಾಹೀರಾತು ನೋಡಿದರೆ ಎಲ್ಲಾ ಮುಂದಿನ ಮುಖದ್ದೇ ಮಾತು. ಎಷ್ಟು ಬಗೆ ಕಾಫಿ ಬರುತ್ತದೆ, ಪರದೆ ಎಷ್ಟು ದೊಡ್ಡದು, ಫೋನಿನಿಂದ ಆನ್ ಮಾಡಬಹುದಾ, ಹೀಗೆ. ನಾನು ಮೊದಲು ತೆರೆದು ನೋಡಿದ್ದು ಪಕ್ಕದ ಬಾಗಿಲನ್ನು. ಒಳಗಿರುವ ಬ್ರೂ ಯೂನಿಟ್, ಅಂದರೆ ಪುಡಿಯಿಂದ ಕಾಫಿ ಇಳಿಸುವ ಭಾಗ, ಕೈಗೆ ಬರುತ್ತದಾ ಇಲ್ವಾ? ಇದಕ್ಕೆ ಉತ್ತರ ಸಿಕ್ಕ ಮೇಲೆ ಪಟ್ಟಿಯಲ್ಲಿದ್ದ ಅರ್ಧಕ್ಕರ್ಧ ಮಾಡೆಲ್ ತಾವಾಗಿಯೇ ಉದುರಿಹೋದವು. ಯಾಕೆ ಅಂತ ಗೊತ್ತಾಗಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಗುಂಡಿ ಒತ್ತಿದ ತಕ್ಷಣ ಗ್ರೈಂಡರ್ ತಿರುಗುತ್ತದೆ. ಮೇಲಿನ ಡಬ್ಬಿಯಲ್ಲಿರುವ ಬೀಜ ತನ್ನ ಭಾರಕ್ಕೇ ಕೆಳಗೆ ಜಾರಿ, ಹಲ್ಲುಗಳಿರುವ ಎರಡು ಬಿಲ್ಲೆಗಳ ನಡುವೆ ಸಿಕ್ಕಿ ಪುಡಿಯಾಗಿ, ಬ್ರೂ ಯೂನಿಟ್‌ನ ಗೂಡಿಗೆ ಬೀಳುತ್ತದೆ. ಆಮೇಲೆ ಒಂದು ಮೋಟರ್ ಯೂನಿಟ್ಟನ್ನು ಸರಿಸಿ ಪುಡಿಯನ್ನು ಪಿಸ್ಟನ್‌ನಿಂದ ಅದುಮುತ್ತದೆ. ಮೊದಲು ಸ್ವಲ್ಪವೇ ಬಿಸಿನೀರು ಬರುತ್ತದೆ, ಪುಡಿ ನೆನೆಯಲಿ ಅಂತ ಪಂಪ್ ಒಂದೆರಡು ಕ್ಷಣ ನಿಂತು ಕಾಯುತ್ತದೆ, ಮತ್ತೆ ಒತ್ತಡದಿಂದ ನೀರು ತಳ್ಳುತ್ತದೆ. ಡಿಕಾಕ್ಷನ್ ಸಣ್ಣ ಜಾಲರಿ ದಾಟಿ ನಳಿಕೆಯಿಂದ ಕಪ್ಪಿಗೆ ಇಳಿಯುತ್ತದೆ. ಕೊನೆಗೆ ಪಿಸ್ಟನ್ ಚರಟವನ್ನು ಹಿಂಡಿ, ಗಟ್ಟಿ ಬಿಲ್ಲೆ ಮಾಡಿ ಚರಟದ ಡಬ್ಬಿಗೆ ಬೀಳಿಸುತ್ತದೆ. ಇಟಲಿಯ ಸೇಕೋ ಕಂಪನಿ 1985ರಲ್ಲಿ ಮನೆಗೆ ಇಂಥ ಮಷಿನ್ ತಂದಿತು. ಹೊರಗಿನ ವೇಷ ಎಷ್ಟೇ ಬದಲಾಗಿದ್ದರೂ ಒಳಗಿನ ಕೆಲಸದ ಕ್ರಮ ಹೆಚ್ಚುಕಡಿಮೆ ಅದೇ ಇದೆ.

ಈಗ ಯೋಚಿಸಿ. ಪ್ರತಿ ಕಪ್ಪಿಗೂ ಆ ಗೂಡಿನಲ್ಲಿ ಒದ್ದೆ ಪುಡಿ, ಕಾಫಿ ಎಣ್ಣೆ, ಬೆಚ್ಚಗಿನ ತೇವ. ಬೂಷ್ಟು ಬೆಳೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಡೆಲಾಂಗಿ, ಫಿಲಿಪ್ಸ್, ಸೇಕೋ ಇವುಗಳ ಮನೆ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಯೂನಿಟ್ಟನ್ನು ನಾವೇ ಹೊರಗೆ ಎಳೆದು ನಲ್ಲಿ ಕೆಳಗೆ ತೊಳೆಯಬಹುದು. ಯುರಾದಲ್ಲಿ ಅದು ಒಳಗೇ ಇರುತ್ತದೆ, ಮಾತ್ರೆ ಹಾಕಿ ಕ್ಲೀನಿಂಗ್ ಪ್ರೋಗ್ರಾಂ ಓಡಿಸಬೇಕು. ಕೈ ಒದ್ದೆ ಮಾಡಿಕೊಳ್ಳಲು ಬೇಸರ ಇರುವವರಿಗೆ ಎರಡನೆಯದು ಸುಖ. ನನಗೆ ಕಣ್ಣಿಗೆ ಕಾಣುವುದನ್ನು ತೊಳೆದರೆ ಮಾತ್ರ ಸಮಾಧಾನ, ಹಾಗಾಗಿ ಹೊರಬರುವ ಯೂನಿಟ್ಟೇ ಬೇಕು ಅಂತ ತೀರ್ಮಾನಿಸಿದೆ.

ಇನ್ನು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ 15 ಬಾರ್, 19 ಬಾರ್. ಅದು ಪಂಪ್ ಕೊಡಬಲ್ಲ ಗರಿಷ್ಠ ಒತ್ತಡ ಅಷ್ಟೇ. ಎಸ್ಪ್ರೆಸೊಗೆ, ಅಂದರೆ ಒತ್ತಡದಿಂದ ಇಳಿಸುವ ಗಟ್ಟಿ ಕಾಫಿಗೆ, ಪುಡಿಯ ಮೇಲೆ ಬೇಕಾಗುವುದು ಸುಮಾರು 9 ಬಾರ್. ಜಾಸ್ತಿ ಬಾರ್ ಅಂದರೆ ಜಾಸ್ತಿ ರುಚಿ ಅಲ್ಲ, ಆ ಅಂಕಿ ನೋಡಿ ದುಡ್ಡು ಕೊಡಬೇಡಿ. ಗ್ರೈಂಡರ್ ಬಿಲ್ಲೆ ಸೆರಾಮಿಕ್ಕಾ ಉಕ್ಕಾ ಅನ್ನುವ ಜಗಳವೂ ಹಾಗೇ. ಸೆರಾಮಿಕ್ ನಿಧಾನ ಸವೆಯುತ್ತದೆ, ಆದರೆ ಬೀಜದ ಜೊತೆ ಒಂದು ಕಲ್ಲು ಬಂದರೆ ಒಡೆಯಬಹುದು. ಉಕ್ಕಿನದು ಪೆಟ್ಟು ತಾಳಿಕೊಳ್ಳುತ್ತದೆ. ನಾನು ಕೇಳಿದ್ದು ಬೇರೆ: ಪುಡಿಯ ನುಣುಪಿಗೆ ಎಷ್ಟು ಹಂತ ಇವೆ, ಒಂದು ಕಪ್ಪಿಗೆ ಗರಿಷ್ಠ ಎಷ್ಟು ಪುಡಿ ಹಿಡಿಸುತ್ತದೆ? ಮನೆ ಮಷಿನ್‌ಗಳಲ್ಲಿ ಇದು ಸಾಮಾನ್ಯವಾಗಿ 7ರಿಂದ 14 ಗ್ರಾಂ ಒಳಗೆ. ಹಾಲು ಬೆರೆಸಿ ಕುಡಿಯುವವರಿಗೆ ಈ ಗರಿಷ್ಠ ಅಂಕಿ ಮುಖ್ಯ. ಪುಡಿ ಕಡಿಮೆಯಾದರೆ ಹಾಲಿನಲ್ಲಿ ಕಾಫಿ ಕಳೆದೇ ಹೋಗುತ್ತದೆ.

ಹಾಲಿನ ವಿಷಯಕ್ಕೆ ಬಂದರೆ ಮೂರು ದಾರಿ. ಉಗಿ ಬರುವ ಕಡ್ಡಿ ಇರುತ್ತದೆ, ಜಗ್ಗಿನಲ್ಲಿ ಹಾಲು ಹಿಡಿದು ನಾವೇ ನೊರೆ ಬರಿಸಬೇಕು. ಇಲ್ಲವೇ ಒಂದು ಸಣ್ಣ ರಬ್ಬರ್ ನಳಿಕೆ ಹಾಲನ್ನು ಎಳೆದುಕೊಂಡು ನೊರೆ ಮಾಡಿ ಕಪ್ಪಿಗೆ ಬಿಡುತ್ತದೆ. ಇಲ್ಲವೇ ಮುಂದೆ ಸಿಕ್ಕಿಸುವ ಹಾಲಿನ ಡಬ್ಬಿ. ನಳಿಕೆಯದು ಅಗ್ಗ, ಸರಳ, ಆದರೆ ಒಳಗೆ ಉಳಿದ ಹಾಲು ಕಾಣುವುದಿಲ್ಲ, ಒಂದು ದಿನ ಮರೆತರೆ ವಾಸನೆ ಮೊದಲು ಬರುತ್ತದೆ, ಕಾಫಿ ಆಮೇಲೆ. ಫಿಲಿಪ್ಸ್‌ನ ಲಾಟೆಗೋದಂಥ ನಳಿಕೆಯೇ ಇಲ್ಲದ ಡಬ್ಬಿಯನ್ನು ಎರಡು ಭಾಗ ಬಿಡಿಸಿ ತೊಳೆದಿಟ್ಟರೆ ಮುಗಿಯಿತು. ನಮ್ಮ ಮನೆಯಲ್ಲಿ ದಿನಾ ಹಾಲಿನ ಕಾಫಿಯೇ ಜಾಸ್ತಿ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಖರ್ಚು ಮಾಡಿದೆ. ನಿಮ್ಮ ಮನೆಯಲ್ಲಿ ಎಲ್ಲರೂ ಬ್ಲ್ಯಾಕ್ ಕುಡಿಯುವವರಾದರೆ ಬರೀ ಉಗಿ ಕಡ್ಡಿ ಇರುವ ಮಾಡೆಲ್ ತಗೊಳ್ಳಿ, ಉಳಿದ ದುಡ್ಡಿಗೆ ಒಳ್ಳೆ ಬೀಜ ಬರುತ್ತದೆ.

ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಮಷಿನ್ ಎತ್ತರ ಮಾತ್ರ ಸಾಲದು. ಬೀಜದ ಡಬ್ಬಿಯ ಮುಚ್ಚಳ ತೆರೆಯಲು ಮೇಲೆ ಜಾಗ ಬೇಕು, ನೀರಿನ ಟ್ಯಾಂಕ್ ಮುಂದಿನಿಂದ ಬರುತ್ತದಾ ಮೇಲಿನಿಂದಲಾ ನೋಡಬೇಕು, ಬ್ರೂ ಯೂನಿಟ್ ಎಳೆಯುವ ಪಕ್ಕದಲ್ಲಿ ಕೈ ಆಡಬೇಕು, ನಿಮ್ಮ ದೊಡ್ಡ ಕಪ್ ನಳಿಕೆ ಕೆಳಗೆ ನಿಲ್ಲಬೇಕು. ಗೋಡೆ ಕಪಾಟಿನ ಕೆಳಗೆ ಮೇಲಿನಿಂದ ಎತ್ತುವ ಟ್ಯಾಂಕ್ ಇಟ್ಟರೆ ಪ್ರತಿಸಲ ಮಷಿನ್ನನ್ನೇ ಎಳೆಯಬೇಕಾಗುತ್ತದೆ, ಅದೂ ಭಾರದ ವಸ್ತು. ಶಬ್ದವೂ ಇದೆ. ಗ್ರೈಂಡರ್ ಕೆಲವೇ ಸೆಕೆಂಡ್ ಓಡಿದರೂ ಮಲಗಿರುವವರು ಏಳುತ್ತಾರೆ.

ತಂದ ಮೇಲೆ ಪಳಗಿಸುವ ಕೆಲಸ. ಕಂಪನಿಯವರು ಹಾಕಿ ಕಳಿಸುವ ಸೆಟ್ಟಿಂಗ್ ಸಾಮಾನ್ಯವಾಗಿ ಮಧ್ಯದ್ದು, ನಮ್ಮ ಬೀಜಕ್ಕೆ ಅದು ಸರಿಹೋಗಬೇಕೆಂದೇನೂ ಇಲ್ಲ. ನಾನು ಕಾಫಿ ಪ್ರಮಾಣವನ್ನು ಸುಮಾರು 40 ಮಿಲಿಗೆ ನಿಲ್ಲಿಸಿ, ಉಷ್ಣತೆ ಮತ್ತು ಪುಡಿಯ ಪ್ರಮಾಣ ಎರಡನ್ನೂ ಮೇಲಿನ ಹಂತಕ್ಕಿಟ್ಟು, ನುಣುಪನ್ನು ಮಾತ್ರ ಬದಲಿಸುತ್ತಾ ಹೋದೆ. ಕಾಫಿ ಸರ್ರನೆ ಸುರಿದು ತೆಳ್ಳಗೆ, ಹುಳಿಯಾಗಿ ಬಂದರೆ ಒಂದು ಹಂತ ನುಣುಪು ಮಾಡು. ತೊಟ್ಟು ತೊಟ್ಟಾಗಿ ಬಿದ್ದು ಕಹಿಯಾದರೆ, ಅಥವಾ ಮಷಿನ್ ನೀರೇ ಹೋಗುತ್ತಿಲ್ಲ ಅಂತ ದೀಪ ಮಿನುಗಿಸಿದರೆ, ಒಂದು ಹಂತ ತರಿ ಮಾಡು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಎರಡು ಮಾತು ಗಮನದಲ್ಲಿರಲಿ. ನುಣುಪು ಬದಲಿಸುವ ಗುಬುಟನ್ನು ಗ್ರೈಂಡರ್ ಓಡುತ್ತಿರುವಾಗಲೇ ತಿರುಗಿಸಬೇಕು, ಅದರಲ್ಲೂ ನುಣುಪಿನ ಕಡೆಗೆ ಹೋಗುವಾಗ. ನಿಂತಾಗ ತಿರುಗಿಸಿದರೆ ಬಿಲ್ಲೆಗಳ ನಡುವೆ ಸಿಕ್ಕಿರುವ ಬೀಜ ಅಡ್ಡಬರುತ್ತದೆ. ಮತ್ತೆ, ಬದಲಾವಣೆ ಮರುಕ್ಷಣ ಕಪ್ಪಿಗೆ ಬರುವುದಿಲ್ಲ. ದಾರಿಯಲ್ಲಿ ಹಳೆಯ ಪುಡಿ ಉಳಿದಿರುತ್ತದೆ, ಎರಡು ಮೂರು ಕಪ್ ಆದ ಮೇಲೆಯೇ ನಿಜವಾದ ರುಚಿ.

ದೊಡ್ಡ ಕಪ್ ಕಾಫಿ ಬೇಕು ಅಂತ ಅದೇ ಪುಡಿಯ ಮೂಲಕ 150 ಮಿಲಿ ನೀರು ಬಿಟ್ಟರೆ ಕೊನೆಯಲ್ಲಿ ಬರುವುದು ಬರೀ ಕಹಿ. ನಾನು ಸಣ್ಣ ಪ್ರಮಾಣದ ಗಟ್ಟಿ ಕಾಫಿ ಇಳಿಸಿ, ಬಿಸಿನೀರಿನ ಗುಂಡಿ ಒತ್ತಿ ಬೇರೆಯಾಗಿ ನೀರು ಸೇರಿಸುತ್ತೇನೆ. ಬೆಳಗಿನ ಮೊದಲ ಕಪ್ ಅಷ್ಟೇನೂ ಬಿಸಿ ಇರುವುದಿಲ್ಲ ಅಂತ ತುಂಬಾ ಜನ ಗೊಣಗುತ್ತಾರೆ. ನೀರು ಕಾಯಿಸುವ ಥರ್ಮೋಬ್ಲಾಕ್ ಬೇಗ ಬಿಸಿಯಾದರೂ ನೀರು ಹಾಯುವ ದಾರಿ ತಣ್ಣಗಿರುತ್ತದೆ. ಒಂದು ಸಲ ಸುಮ್ನೆ ಬಿಸಿನೀರು ಹಾಯಿಸಿ, ಅದೇ ನೀರಲ್ಲಿ ಕಪ್ ಬೆಚ್ಚಗೆ ಮಾಡಿಕೊಳ್ಳಿ, ಸಾಕು.

ಬೀಜದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಎಣ್ಣೆ ಮಿನುಗುವಷ್ಟು ಕಪ್ಪಗೆ ಹುರಿದ ಬೀಜ ಈ ಮಷಿನ್‌ಗೆ ಆಗಿಬರುವುದಿಲ್ಲ. ಡಬ್ಬಿಯ ಗೋಡೆಗೆ ಎಣ್ಣೆ ಅಂಟಿ ಬೀಜ ಕೆಳಗೆ ಜಾರುವುದಿಲ್ಲ, ಡಬ್ಬಿ ತುಂಬಿದ್ದರೂ ಮಷಿನ್ ಬೀಜ ಖಾಲಿ ಅನ್ನುತ್ತದೆ, ಪುಡಿ ಇಳಿಯುವ ದಾರಿಯೂ ಕಟ್ಟಿಕೊಳ್ಳುತ್ತದೆ. ಸಕ್ಕರೆ ಲೇಪಿಸಿ ಹುರಿದದ್ದು, ಪರಿಮಳ ಸೇರಿಸಿದ್ದು ಬೇಡವೇ ಬೇಡ. ಮಧ್ಯಮ ಹುರಿತದ, ಹೊಳಪಿಲ್ಲದ ಬೀಜ ಹಾಕಿ, ಅದೂ ಎರಡು ಮೂರು ದಿನಕ್ಕೆ ಆಗುವಷ್ಟು ಮಾತ್ರ. ಬೀಜ ಬದಲಿಸಿದರೆ ನುಣುಪನ್ನೂ ಮತ್ತೆ ಹೊಂದಿಸಬೇಕು. ಬಹಳಷ್ಟು ಮಷಿನ್‌ಗಳು ಪುಡಿಯನ್ನು ತೂಗುವುದಿಲ್ಲ, ಗ್ರೈಂಡರ್ ಎಷ್ಟು ತಿರುಗಿತು ಅನ್ನುವುದೇ ಅವುಗಳ ಲೆಕ್ಕ. ಪಕ್ಕದಲ್ಲಿ ಪುಡಿ ಹಾಕುವ ಕಿಂಡಿ ಇರುತ್ತದಲ್ಲ, ಅದಕ್ಕೆ ಒಂದು ಚಮಚಕ್ಕಿಂತ ಜಾಸ್ತಿ ಹಾಕಬಾರದು. ಇನ್‌ಸ್ಟಂಟ್ ಪುಡಿ ಅಂತೂ ಒಳಗೆಲ್ಲ ಅಂಟಾಗಿ ಕೂರುತ್ತದೆ.

ತೊಳೆಯುವುದು ಹೀಗೆ. ಚರಟದ ಡಬ್ಬಿ, ಟ್ರೇ ದಿನಾ ಖಾಲಿ. ಮಷಿನ್ ಆನ್ ಆಗುವಾಗ, ಆಫ್ ಆಗುವಾಗ ತನ್ನಷ್ಟಕ್ಕೆ ತೊಳೆದುಕೊಳ್ಳುವ ನೀರೆಲ್ಲ ಟ್ರೇಗೇ ಬೀಳುತ್ತದೆ, ಬೇಗ ತುಂಬುತ್ತದೆ. ವಾರಕ್ಕೊಮ್ಮೆ ಬ್ರೂ ಯೂನಿಟ್ ತೆಗೆದು ಉಗುರುಬೆಚ್ಚಗಿನ ನೀರಲ್ಲಿ, ಸೋಪಿಲ್ಲದೆ. ಮಷಿನ್ ಆಫ್ ಆಗಿ ಯೂನಿಟ್ ತನ್ನ ಜಾಗಕ್ಕೆ ಬಂದು ನಿಂತ ಮೇಲೆಯೇ ಎಳೆಯಿರಿ, ಬಲವಂತ ಬೇಡ. ಸೋಪು, ಡಿಶ್‌ವಾಷರ್ ಎರಡೂ ಅದರ ಗ್ರೀಸ್ ತೆಗೆದುಬಿಡುತ್ತವೆ. ಆಗಾಗ ಆಹಾರಕ್ಕೆ ಬಳಸಬಹುದಾದ ಸಿಲಿಕಾನ್ ಗ್ರೀಸನ್ನು ರಬ್ಬರ್ ಉಂಗುರಕ್ಕೆ ತೆಳ್ಳಗೆ ಸವರುತ್ತೇನೆ. ಯೂನಿಟ್ ಕಿರುಗುಟ್ಟಲು ಶುರುವಾದರೆ ಅದು ಗ್ರೀಸ್ ಕೇಳುತ್ತಿದೆ ಅಂತಲೇ ಅರ್ಥ.

ಗಡಸು ನೀರು ಇದ್ದರೆ ಸುಣ್ಣ ಕಟ್ಟುತ್ತದೆ. ಮಷಿನ್ ಜೊತೆ ಬರುವ ಪರೀಕ್ಷೆಯ ಕಾಗದದ ಪಟ್ಟಿಯನ್ನು ನೀರಲ್ಲಿ ಅದ್ದಿ ಗಡಸುತನ ನೋಡಿ ಮೆನುವಿನಲ್ಲಿ ಹಾಕಿದರೆ, ಸುಣ್ಣ ಯಾವಾಗ ತೆಗೆಯಬೇಕು ಅಂತ ಅದೇ ಹೇಳುತ್ತದೆ. ವಿನೆಗರ್ ಹಾಕಿದರೆ ಸಾಕು ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ನಾನು ಹಾಕುವುದಿಲ್ಲ. ವಾಸನೆ ಬೇಗ ಹೋಗುವುದಿಲ್ಲ, ರಬ್ಬರ್ ಉಂಗುರಗಳಿಗೂ ಒಳ್ಳೆಯದಲ್ಲ. ಕಂಪನಿ ಹೇಳಿದ ದ್ರಾವಣ ಬಳಸಿ, ಕಾರ್ಯಕ್ರಮ ಅರ್ಧದಲ್ಲಿ ನಿಲ್ಲಿಸದೆ ಮುಗಿಸಿ.

ಇಷ್ಟೆಲ್ಲ ಆದರೂ ಪ್ರತ್ಯೇಕ ಗ್ರೈಂಡರ್, ಪ್ರತ್ಯೇಕ ಎಸ್ಪ್ರೆಸೊ ಮಷಿನ್ ಇಟ್ಟುಕೊಂಡು 18 ಗ್ರಾಂ ಪುಡಿ ಕೈಯಲ್ಲಿ ಅದುಮಿ ತೆಗೆದ ಕಾಫಿಯ ಗಾಢತೆ ಇದರಲ್ಲಿ ಬರುವುದಿಲ್ಲ. ಅದು ಬೇಕು ಅನ್ನುವವರು ಇದನ್ನು ಕೊಂಡು ಆಮೇಲೆ ಕೊರಗಬೇಡಿ. ನನಗೆ ಬೇಕಿದ್ದದ್ದು ಬೆಳಗ್ಗೆ ನಾಲ್ಕು ಜನಕ್ಕೆ ಗಡಿಬಿಡಿಯಲ್ಲಿ ಒಂದೇ ರುಚಿಯ ಕಾಫಿ, ಆ ಕೆಲಸ ಇದು ಚೆನ್ನಾಗಿ ಮಾಡುತ್ತದೆ.

ಹಳೆಯ ಮಷಿನ್ ಕೊಳ್ಳುವ ಯೋಚನೆ ಇದ್ದರೆ ಮೆನುವಿನಲ್ಲಿ ಇದುವರೆಗೆ ಎಷ್ಟು ಕಪ್ ಆಗಿದೆ, ಸುಣ್ಣ ಎಷ್ಟು ಸಲ ತೆಗೆದಿದ್ದಾರೆ ಅನ್ನುವ ಲೆಕ್ಕ ಸಿಗುತ್ತದಾ ನೋಡಿ. ಸಾವಿರಾರು ಕಪ್ ಆಗಿದ್ದು ಸುಣ್ಣ ತೆಗೆದದ್ದು ಒಂದೋ ಎರಡೋ ಸಲ ಅಂದರೆ ಬಿಟ್ಟುಬಿಡಿ. ಆ ಲೆಕ್ಕ ಸಿಗದಿದ್ದರೆ ಬ್ರೂ ಯೂನಿಟ್ ಹೊರಗೆಳೆದು ಮೂಸಿ ನೋಡಿ, ಒಂದು ಟಾರ್ಚ್ ಹಿಡಿದು ಅದು ಕೂರುವ ಗೂಡನ್ನೂ ನೋಡಿ.