ಇಪ್ಪತ್ತೈದು ಗಂಟೆಯ ದಿನಗಳು

ಬದಿಯಡ್ಕದ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಮೊದಲ ಸಲದ ಮದ್ದು ಬಿಟ್ಟು ಮುಗಿಸಿ, ಜೂನ್ ಮೊದಲ ವಾರ ನಾನೂ ಪತ್ನಿಯೂ ಹೊರಟೆವು. ಮಗಳಿರುವುದು ನ್ಯೂಜೆರ್ಸಿಯಲ್ಲಿ. ಲಂಡನ್ನಿನವರೆಗೆ ವಿಮಾನ, ಮುಂದೆ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಏಳು ರಾತ್ರಿಯ ಹಡಗು. ಬ್ರಿಟನ್, ಅಮೆರಿಕ ಎರಡರ ವೀಸಾವೂ ಬೇಕಾಯಿತು.

ಕೋಣೆ ಆರಿಸಿದ ಬಗೆಯನ್ನು ಹೇಳಲೇಬೇಕು. ನಮ್ಮ ಕಾಸರಗೋಡು ಜಿಲ್ಲೆಯ ಪಾಲಕುನ್ನು, ಕೋಟಿಕುಳಂ ಕಡೆ ಹಡಗಿನಲ್ಲಿ ದುಡಿದವರು ಬಹಳ. ಅಂಥ ಪರಿಚಿತರೊಬ್ಬರು, "ಎತ್ತರದ ಅಂತಸ್ತು ಬೇಡ. ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗೆ ತೆಗೆದುಕೊಳ್ಳಿ" ಎಂದಿದ್ದರು. ಏತದ ಮರದ ಹಾಗೆ, ತುದಿಗಳು ಏರಿಳಿದರೂ ನಡು ಅಷ್ಟಾಗಿ ಅಲುಗುವುದಿಲ್ಲ. ಎರಡನೆಯ ರಾತ್ರಿ ಅಲೆ ಎದ್ದಾಗ ಅವರನ್ನು ಮನಸಾರೆ ನೆನೆದೆ. ಬಾಯಲ್ಲಿ ಒಂದು ಚೂರು ಶುಂಠಿ ಇಟ್ಟುಕೊಂಡದ್ದೇ ನಮ್ಮ ಔಷಧಿ.

ಪಶ್ಚಿಮಕ್ಕೆ ಸಾಗುವ ಈ ದಾರಿಯಲ್ಲಿ ಒಂದು ಸೊಗಸಿದೆ. ಎರಡು ಬಂದರುಗಳ ನಡುವಿನ ಐದು ಗಂಟೆಯ ವ್ಯತ್ಯಾಸವನ್ನು ಐದು ರಾತ್ರಿಗಳಿಗೆ ಹಂಚುತ್ತಾರೆ. ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಹೋಗುತ್ತದೆ. ದಿನಕ್ಕೆ 25 ಗಂಟೆ. ಮದ್ದು, ಕೊಯ್ಲು, ಒಣಗಿಸುವುದು, ಸುಲಿಯುವುದು ಎಂದು ನಲವತ್ತು ವರ್ಷ ಹೊತ್ತು ಸಾಲದೆ ಬದುಕಿದ ನನಗೆ ಯಾರೋ ಗಂಟೆಯನ್ನು ಅಳೆದು ಕೈಗಿಟ್ಟಂತಾಯಿತು. ಮೊದಲೆರಡು ದಿನ ಅದನ್ನೂ ಕೆಲಸಕ್ಕೇ ಹಚ್ಚಿದೆ. ಹಡಗಿನವರು ಕೊಡುವ ಕಾರ್ಯಕ್ರಮ ಪಟ್ಟಿಯಲ್ಲಿ ಪೆನ್ಸಿಲ್ ಗುರುತು ಹಾಕಿ ಉಪನ್ಯಾಸ, ಸಂಗೀತ, ಚಿತ್ರಕಲೆ ಎಂದು ಮಹಡಿಯಿಂದ ಮಹಡಿಗೆ ನಡೆದೆ. ಸಂಜೆಗೆ ದಣಿವು. ಮೂರನೆಯ ಬೆಳಿಗ್ಗೆ ಪಟ್ಟಿಯನ್ನು ಮೇಜಿನ ಖಾನೆಯೊಳಗೆ ಹಾಕಿದೆ. ಇಂಟರ್‌ನೆಟ್‌ಗೆ ಹಣ ಕಟ್ಟಲಿಲ್ಲ.

ಆಮೇಲಿನ ದಿನಗಳೇ ನಿಜವಾದ ಪ್ರಯಾಣ. ನಾಲ್ಕಕ್ಕೆ ಎಚ್ಚರ, ಡೆಕ್ಕಿನ ಮೇಲೆ ಎರಡು ಸುತ್ತು, ಹಿಂಭಾಗದಲ್ಲಿ ಹಡಗು ಬಿಟ್ಟುಹೋಗುವ ಬಿಳಿ ನೊರೆಯ ದಾರಿ ನೋಡುತ್ತ ನಿಲ್ಲುವುದು. ಕುಂಬಳೆಯ ರೈಲಿನಿಂದಲೂ ಬೇಕಲ ಕೋಟೆಯ ಬುರುಜಿನಿಂದಲೂ ಕಂಡ ಕಡಲಿಗೆ ಒಂದು ದಡವಿತ್ತು. ಇಲ್ಲಿ ಸುತ್ತಲೂ ಗೆರೆ ಎಳೆದಂತೆ ನೀರು, ನಟ್ಟನಡುವೆ ನಾವು. ಪತ್ನಿ ಊರಿನಿಂದ ತಂದ ಹತ್ತಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಪಕ್ಕದ ಕುರ್ಚಿಯ ವೇಲ್ಸ್‌ನ ಅಜ್ಜಿಯೊಬ್ಬರು ಕುತೂಹಲದಿಂದ ಕೇಳಿ, ಎರಡೇ ದಿನದಲ್ಲಿ ಚೆನ್ನಾಗಿ ಹೊಸೆಯಲು ಕಲಿತರು. ಮಾತು ಹೆಚ್ಚು ಬೇಕಾಗಲಿಲ್ಲ.

ಐದನೆಯ ದಿನ ನ್ಯೂಫೌಂಡ್‌ಲ್ಯಾಂಡಿನ ಗ್ರ್ಯಾಂಡ್ ಬ್ಯಾಂಕ್ಸ್ ಕಡೆ ಮಂಜು ಮುಸುಕಿತು. ಬೆಚ್ಚಗಿನ ಗಲ್ಫ್ ಸ್ಟ್ರೀಮ್ ಪ್ರವಾಹ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹವನ್ನು ಸಂಧಿಸುವ ಜಾಗವದು. ಕಟಕಟೆಯಾಚೆ ಏನೂ ಕಾಣುತ್ತಿರಲಿಲ್ಲ. ಕಣ್ಣು ಕಾಣದಾಗ ಚಲಿಸುವ ಹಡಗು ಎರಡು ನಿಮಿಷ ಮೀರದಂತೆ ಒಂದೊಂದು ದೀರ್ಘ ಕೂಗು ಹಾಕಬೇಕೆಂಬುದು ಸಮುದ್ರದ ನಿಯಮ. ಎದೆಯೊಳಗೇ ಮೊಳಗಿದಂತಿದ್ದ ಆ ಕೂಗಿಗೆ ಮೊದಲು ಬೆಚ್ಚಿದೆವು; ಮಧ್ಯಾಹ್ನದ ಹೊತ್ತಿಗೆ ಪತ್ನಿ ಕೂಗಿಗೊಂದು ಬತ್ತಿ ಮುಗಿಸುತ್ತಿದ್ದಳು. ನಾನು ಕಂಬಳಿ ಹೊದ್ದು, ಏನನ್ನೂ ಓದದೆ, ಬರೀ ಕೇಳಿಸಿಕೊಳ್ಳುತ್ತ ಕುಳಿತೆ. ಜೀವಮಾನದಲ್ಲಿ ಅಷ್ಟು ಹೊತ್ತು ಹಾಗೆ ಕುಳಿತದ್ದು ಅದೇ ಮೊದಲು.

ಕೊನೆಯ ದಿನ ನಸುಕಿನಲ್ಲಿ ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಜಾನೋ ಸೇತುವೆಯ ಕೆಳಗೆ ನುಸುಳುವಾಗ ಹೊಗೆಕೊಳವೆ ತಗುಲಿಯೇಬಿಟ್ಟಿತು ಎನಿಸಿತು. ಮೊಬೈಲ್ ಜೀವ ಪಡೆದದ್ದು ಆಗಲೇ. ಅಲ್ಲಿ ಐದು ಗಂಟೆ, ಊರಿನಲ್ಲಿ ಮಧ್ಯಾಹ್ನ ಎರಡೂವರೆ. ತಮ್ಮನ ಧ್ವನಿಯ ಹಿಂದೆ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಕೇಳಿತು. ಎರಡನೆಯ ಮದ್ದಿಗೆ ಮೈಲುತುತ್ತು ತಂದಿಟ್ಟಿದ್ದಾನಂತೆ.