ಎಚ್‌ಡಿಎಂಐ ಚಿಪ್ ಸತ್ತಿದೆ ಅನ್ನೋ ಮೊದಲು ಇಷ್ಟು ನೋಡಿ

ನೀವೇ ಮಾಡಿದ ಬೋರ್ಡಿನಲ್ಲಿ ಎಡಿವಿ7513 ಅನ್ನೋ, ಮಾನಿಟರಿಗೆ ಎಚ್‌ಡಿಎಂಐ ಚಿತ್ರ ಕಳಿಸುವ ಚಿಪ್ ಹಾಕಿದ್ದೀರಿ, ಮಾನಿಟರ್ ಮಾತ್ರ ಕಪ್ಪಗೆ ಕೂತಿದೆ. ತಕ್ಷಣ ಚಿಪ್ ಕೀಳಬೇಡಿ. ಮೊದಲು 1.8 ಮತ್ತು 3.3 ವೋಲ್ಟ್ ಎರಡನ್ನೂ ಚಿಪ್ಪಿನ ಕಾಲಿನ ಹತ್ತಿರವೇ ಅಳೆಯಿರಿ, ರೆಗ್ಯುಲೇಟರ್ ಹತ್ತಿರ ಅಲ್ಲ.

ಆಮೇಲೆ ಐ2ಸಿ, ಅಂದ್ರೆ ಚಿಪ್ಪಿಗೆ ಸೆಟ್ಟಿಂಗ್ ಕಳಿಸುವ ಎರಡು ತಂತಿಯ ದಾರಿ. ಡೇಟಾಶೀಟಿನಲ್ಲಿ ವಿಳಾಸ ಹೆಕ್ಸ್ 72 ಅಂತ ಇರುತ್ತದೆ, ಅದು 8 ಬಿಟ್ ಲೆಕ್ಕ. ಲಿನಕ್ಸ್, ಆರ್ಡುಯಿನೊ ಎಲ್ಲ 7 ಬಿಟ್ ಕೇಳುತ್ತವೆ, ಅಂದ್ರೆ ಹೆಕ್ಸ್ 39. ಇದೊಂದಕ್ಕೆ ನಾನು ಪೂರ್ತಿ ಒಂದು ಭಾನುವಾರ ಕಳೆದು, ಚೆನ್ನಾಗಿದ್ದ ಚಿಪ್ಪನ್ನು ಸುಮ್ನೆ ಕಿತ್ತು ಹಾಳು ಮಾಡಿದ್ದೆ.

ಚಿಪ್ ಉತ್ತರ ಕೊಡ್ತಿದೆ, ಆದರೆ ಬರೆದ ರಿಜಿಸ್ಟರ್ (ಚಿಪ್ಪಿನೊಳಗೆ ಸೆಟ್ಟಿಂಗ್ ಇಡುವ ಜಾಗ) ನಿಲ್ಲುತ್ತಿಲ್ವಾ? ಜಾಸ್ತಿ ಜನ ಎಡವೋದು ಇಲ್ಲೇ. ಕನೆಕ್ಟರಿನ 19ನೇ ಪಿನ್, ಅಂದ್ರೆ ಮಾನಿಟರ್ ಸಿಕ್ಕಿಸಿದೆ ಅಂತ ಹೇಳುವ ಹಾಟ್ ಪ್ಲಗ್, ಲೋ ಇದ್ದರೆ ಚಿಪ್ ಎದ್ದೇಳುವುದಿಲ್ಲ, ಮತ್ತೆ ಅದು ಹೈ ಆಗಬೇಕಾದರೆ 18ನೇ ಪಿನ್‌ನಿಂದ ಮಾನಿಟರಿಗೆ 5 ವೋಲ್ಟ್ ಹೋಗಬೇಕು, ಅದನ್ನು ಕೊಡೋದು ನಿಮ್ಮ ಬೋರ್ಡೇ. ಕೇಬಲ್ ಕಿತ್ತಾಗಲೂ ಹಲವು ರಿಜಿಸ್ಟರ್ ಅಳಿಸಿಹೋಗುತ್ತವೆ. ಹಾಟ್ ಪ್ಲಗ್ ಹೈ ಆದಾಗಲೆಲ್ಲ ಹೆಕ್ಸ್ 41ನೇ ರಿಜಿಸ್ಟರಿನ 6ನೇ ಬಿಟ್ 0 ಮಾಡಿ, ಉಳಿದದ್ದನ್ನೂ ಮತ್ತೆ ಬರೆಯಿರಿ.

ಇಷ್ಟಾದರೂ ಚಿತ್ರ ಇಲ್ಲವೇ? ಬೋರ್ಡ್ ಆಫ್ ಮಾಡಿ, ಕೇಬಲ್ ತೆಗೆದು, ಮೀಟರನ್ನು ಡಯೋಡ್ ಮೋಡಿಗಿಟ್ಟು ಚಿತ್ರದ ಸಿಗ್ನಲ್ ಒಯ್ಯುವ ನಾಲ್ಕು ಜೋಡಿ ಟಿಎಂಡಿಎಸ್ ಲೈನ್ ಮುಟ್ಟಿ ನೋಡಿ. ಏಳು ಒಂದೇ ಥರ ತೋರಿಸಿ ಒಂದು ಮಾತ್ರ ಸೊನ್ನೆ ಹತ್ತಿರ ಬಂದರೆ, ಸೋಲ್ಡರ್ ಶಾರ್ಟ್ ಇಲ್ಲ ಅಂತ ನೋಡಿಕೊಂಡು, ಆಗ ಚಿಪ್ ಬದಲಿಸಿ.