ಇಂಗ್ಲೆಂಡಿನ ಜೈಲಿನ ಚಿಕಿತ್ಸೆಗೆ ಲೆಕ್ಕ ಕೇಳುವವರು ಯಾರು?

ಜೆಜೆಎಂನಲ್ಲಿ ಓದಿ ಡಾಕ್ಟರಾಗಿ, ಬಿಐಇಟಿಯಲ್ಲಿ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಹೋದ ದಾವಣಗೆರೆಯವರು ಬಹಳ ಜನ ಅಲ್ಲೇ ಮನೆ ಮಾಡಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರು ಕೇಳುವ ಪ್ರಶ್ನೆ ಒಂದಿದೆ. ಲೈಂಗಿಕ ಅಪರಾಧ ಮಾಡಿದವರಿಗೆ ಜೈಲಿನಲ್ಲಿ ಕೋರ್ಸ್ ಮಾಡಿಸಿ ಹೊರಗೆ ಬಿಡ್ತಾರಂತೆ, ಅದನ್ನು ನಂಬೋದು ಹೇಗೆ? ಮಕ್ಕಳಿರುವ ಮನೆಯಲ್ಲಿ ಈ ಭಯ ಸಹಜ, ಅಲ್ವಾ?

ಕೋರ್ಸ್ ಮುಗಿಸಿದರೆ ಸಾಕು, ಬಿಡುಗಡೆ ಅಂತೇನೂ ಇಲ್ಲ. ಕೆಲವರು ಶಿಕ್ಷೆಯ ತಾರೀಖಿನ ಪ್ರಕಾರ ಹೊರಬರುತ್ತಾರೆ. ಇನ್ನು ಕೆಲವರ ವಿಷಯವನ್ನು ಪೆರೋಲ್ ಬೋರ್ಡ್ ತೀರ್ಮಾನಿಸುತ್ತದೆ. ಬೋರ್ಡ್ ನೋಡುವ ಹಲವು ವಿಷಯಗಳಲ್ಲಿ ಕೋರ್ಸ್ ಕೂಡ ಒಂದು, ಅಷ್ಟೇ.

ಆದರೆ ಕೋರ್ಸಿನಿಂದ ಅಪರಾಧ ನಿಜವಾಗಿ ಕಡಿಮೆಯಾಗುತ್ತದಾ? ಇದಕ್ಕೆ ಅಲ್ಲಿನ ಸರ್ಕಾರವೇ 2017ರ ಜೂನ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಲೈಂಗಿಕ ಅಪರಾಧಿಗಳಿಗೆಂದೇ ಇದ್ದ ಎಸ್‌ಒಟಿಪಿ ಅನ್ನುವ ಗುಂಪು ಚಿಕಿತ್ಸೆಯ ಕೋರ್ಸ್ 1990ರ ದಶಕದ ಆರಂಭದಿಂದ ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳಲ್ಲಿ ನಡೆಯುತ್ತಿತ್ತು. ಅದನ್ನು 2000ದಿಂದ 2012ರ ನಡುವೆ ಪಡೆದ 2,562 ಜನರನ್ನು, ಪಡೆಯದ 13,219 ಜನರ ಜೊತೆ ಹೋಲಿಸಿದರು. ಸರಾಸರಿ 8.2 ವರ್ಷ ಗಮನಿಸಿದರು. ಚಿಕಿತ್ಸೆ ಪಡೆದವರಲ್ಲಿ ಶೇ. 10ರಷ್ಟು ಜನ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಪಡೆಯದವರಲ್ಲಿ ಶೇ. 8. ಚಿಕಿತ್ಸೆಯೇ ಕೆಡಿಸಿತು ಅಂತ ಇದರಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಅಪರಾಧ ತಗ್ಗಿಸಿತು ಅನ್ನಲು ಆಧಾರ ಸಿಗಲಿಲ್ಲ. ಆ ವರ್ಷವೇ ಅದನ್ನು ನಿಲ್ಲಿಸಿದರು. ಜಾಗಕ್ಕೆ ಹೊರೈಜನ್, ಕೈಝನ್ ಎಂಬ ಹೊಸ ಕಾರ್ಯಕ್ರಮಗಳು ಬಂದವು.

ಒಳ್ಳೆಯ ಸುದ್ದಿಯಲ್ಲದಿದ್ದರೂ ಪ್ರಕಟಿಸಿದ್ದು ಸರಿಯಾದ ಕೆಲಸ. ಆದರೆ ಇಷ್ಟು ದೊಡ್ಡ ಲೆಕ್ಕ ಹೊರಬರಲು ಸುಮಾರು 25 ವರ್ಷ ಬೇಕಾಯಿತಲ್ಲ, ಅದು ನನಗೆ ನೋವಿನ ಸಂಗತಿ. ಅಷ್ಟು ದಿನ ಯಾರಾದರೂ ಪಟ್ಟು ಹಿಡಿದು ಕೇಳುತ್ತಲೇ ಇರಬೇಕಿತ್ತು.

ಕೇಳುವ ಅಧಿಕಾರ ಮುಖ್ಯವಾಗಿ ಪಾರ್ಲಿಮೆಂಟಿನದು. ಅಲ್ಲಿ ಜಸ್ಟಿಸ್ ಕಮಿಟಿ ಅಂತ ಇದೆ. ಬೇರೆ ಬೇರೆ ಪಕ್ಷದ ಎಂಪಿಗಳು ಸೇರಿ ಕಾನೂನು ಸಚಿವರನ್ನೂ ಜೈಲು ಅಧಿಕಾರಿಗಳನ್ನೂ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನಮ್ಮ ದೆಹಲಿಯ ಸ್ಥಾಯಿ ಸಮಿತಿಗಳು ಬಾಗಿಲು ಮುಚ್ಚಿ ಸಭೆ ನಡೆಸುತ್ತವೆ. ಇಂಗ್ಲೆಂಡಿನಲ್ಲಾದರೆ ವಿಚಾರಣೆಯನ್ನು ಸಾಮಾನ್ಯವಾಗಿ ಮನೆಯಲ್ಲೇ ಕೂತು ಆನ್‌ಲೈನ್ ನೋಡಬಹುದು. ವಿಚಾರಣೆ ತೆರೆದಾಗ ಸಾಮಾನ್ಯ ಜನರೂ ಬರಹದಲ್ಲಿ ಅಭಿಪ್ರಾಯ ಕೊಡಬಹುದು. ಹಣ ಸರಿಯಾಗಿ ಖರ್ಚಾಯಿತಾ ಅನ್ನೋದನ್ನು ನಮ್ಮ ಸಿಎಜಿಯಂಥ ನ್ಯಾಷನಲ್ ಆಡಿಟ್ ಆಫೀಸ್ ನೋಡುತ್ತದೆ. ಜೈಲುಗಳ ಮುಖ್ಯ ಇನ್‌ಸ್ಪೆಕ್ಟರ್ ವರದಿಗಳೂ ಎಂಪಿಗಳ ಕೈಗೆ ಸಿಗುತ್ತವೆ.

ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಇದು: ಭಾರತದ ಪಾಸ್‌ಪೋರ್ಟ್ ಇದ್ದರೂ ಅಲ್ಲಿ ಎಂಪಿ ಚುನಾವಣೆಗೆ ವೋಟ್ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಈ ಹಕ್ಕು. 18 ತುಂಬಿರಬೇಕು, ಅಲ್ಲಿ ವಾಸವಿರಬೇಕು, ವೀಸಾ ಸರಿಯಿರಬೇಕು, ಪಟ್ಟಿಯಲ್ಲಿ ಹೆಸರು ಸೇರಿಸಿರಬೇಕು. ಹೆಸರು ಸೇರಿಸದಿದ್ದರೂ ನಿಮ್ಮ ಕ್ಷೇತ್ರದ ಎಂಪಿಗೆ ಪತ್ರ ಬರೆಯಲು ಅಡ್ಡಿಯಿಲ್ಲ. ಊರಲ್ಲಿ ಶಾಸಕರ ಮನೆ ಮುಂದೆ ಬೆಳಿಗ್ಗೆ ಕಾಯುವ ಹಾಗೆ ಅಲ್ಲಿ ನಡೆಯಲ್ಲ. ಎಂಪಿ ಜನರನ್ನು ಭೇಟಿಯಾಗಲು ನಡೆಸುವ ‘ಸರ್ಜರಿ’ಗೆ ಸಾಮಾನ್ಯವಾಗಿ ಮೊದಲೇ ಸಮಯ ತೊಗೊಂಡು ಹೋಗಬೇಕು.

ಪತ್ರದಲ್ಲಿ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಬರೆಯಿರಿ. ಸುಮ್ನೆ ಸಿಟ್ಟು ತೋರಿಸಬೇಡಿ, ಒಂದೇ ಪ್ರಶ್ನೆ ಕೇಳಿ: ಈಗಿನ ಕಾರ್ಯಕ್ರಮದ ಫಲಿತಾಂಶದ ಲೆಕ್ಕ ಯಾವಾಗ ಪ್ರಕಟವಾಗುತ್ತದೆ? ಎಂಪಿ ಅದನ್ನು ಸಚಿವರಿಗೆ ಕಳಿಸಿ ಉತ್ತರ ತರಿಸಬಹುದು. ಪಾರ್ಲಿಮೆಂಟಿನಲ್ಲಿ ಲಿಖಿತ ಪ್ರಶ್ನೆಯಾಗಿ ಕೇಳಿದರೆ ಉತ್ತರ ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇರುವವರಾದರೆ ಎಡಿನ್‌ಬರೋದಲ್ಲಿ ಕೂರುವ ತಮ್ಮ ಎಂಎಸ್‌ಪಿಗೆ, ಅಂದರೆ ಸ್ಕಾಟ್ಲೆಂಡ್ ಪಾರ್ಲಿಮೆಂಟಿನ ಸದಸ್ಯರಿಗೆ, ಬರೆಯಬೇಕು. ಅಲ್ಲಿನ ಜೈಲುಗಳು ಲಂಡನ್ ಸರ್ಕಾರದ ಕೈಯಲ್ಲಿಲ್ಲ.